ಮೂರು ಬೆರಳಿನ ಗುಳಿ

ಪೆನ್ಸಿಲ್ವೇನಿಯದ ಕಲ್ಲಿದ್ದಲ ಗುಡ್ಡಗಳ ನಡುವಣ ಕಾರ್ವರ್ಸ್ ರನ್ ಊರಿನಲ್ಲಿ ಹಳೆಯ ಬಂದೂಕು ಕೈಕೊಟ್ಟರೆ ಜನ ಅಂಗಡಿ ಹುಡುಕುತ್ತಿರಲಿಲ್ಲ. ಡೆಲ್ಮರ್ ಶಾಂಕ್‌ನ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದರು. ಶಾಲೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸದಿಂದ ನಿವೃತ್ತನಾದ ಅವನಿಗೆ ಬಂದೂಕು ಬಿಚ್ಚಿ ಜೋಡಿಸುವುದು ಹೊಟ್ಟೆಪಾಡಲ್ಲ, ಆನಂದ. ಗೋಡೆಯುದ್ದಕ್ಕೂ ಅವನು ಕೂಡಿಸಿಟ್ಟ ಹಳೆಯ ರೈಫಲ್‌ಗಳು. ಮೇಜಿನ ಮೇಲೆ ಎಣ್ಣೆಯ ಕುಪ್ಪಿ, ಸಣ್ಣ ಅರಗಳು, ಹರಿದ ಬನಿಯನ್ನಿನ ಚಿಂದಿ. ದೇವರು ಅವನ ಕೈಗೆ ಒಂದು ವರವನ್ನು ಕೊಟ್ಟಿದ್ದನು, ಅದು ನಿಜ. ಆದರೆ ವರವನ್ನು ಪಡೆದವನಿಗೆ ಅದು ತನ್ನದೇ ಸ್ವತ್ತೆಂಬ ಭ್ರಮೆ ಎಷ್ಟು ಬೇಗ ಹತ್ತುತ್ತದೆ!

ಕೂಡಿಡುವ ಹವ್ಯಾಸದವರಿಗೆಲ್ಲ ಅವನು ಸಾರುತ್ತಿದ್ದ ವಿಧಿ ಒಂದೇ: ಹಳೆಯದನ್ನು ಹೊಸದು ಮಾಡಬಾರದು. ಆ ವರ್ಷ ಬೇಸಿಗೆಯಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಬಂದೂಕು ಮೇಳ ನಡೆದಾಗ, ನೆರೆಯ ಎಮ್ಮೆಟ್ ತನ್ನ ಅಜ್ಜನ ಕಾಲದ ಬಂದೂಕನ್ನು ಕನ್ನಡಿಯಂತೆ ತಿಕ್ಕಿ ತಂದಿದ್ದನು. ಡೆಲ್ಮರ್ ಎಲ್ಲರಿಗೂ ಕೇಳುವಂತೆ ನಕ್ಕನು.

"ಇದೇನಯ್ಯಾ ಎಮ್ಮೆಟ್, ಅಜ್ಜಿಗೆ ಮದುಮಗಳ ಬಣ್ಣ ಬಳಿದು ಕರ್ಕೊಂಡು ಬಂದಿದ್ದೀಯ?"

"ತುಕ್ಕು ಹಿಡಿದಿತ್ತು ಮಾರಾಯ!"

"ತುಕ್ಕು ತೆಗಿ, ಬೇಡ ಅಂದೋರ್ಯಾರು? ಅದರ ವಯಸ್ಸು ಯಾಕೆ ತೆಗ್ದೆ?"

ಎಮ್ಮೆಟ್ ಮುಖ ಸಣ್ಣದು ಮಾಡಿಕೊಂಡು ಬಂದೂಕನ್ನು ಮೇಜಿನ ಕೆಳಗೆ ಸರಿಸಿಬಿಟ್ಟನು.

ಇಷ್ಟು ತಿಳಿದಿದ್ದ ಡೆಲ್ಮರನ ಎದೆಯಲ್ಲಿ ಒಂದು ಹಳೆಯ ಗಾಯವಿತ್ತು. ಅವನ ತಂದೆ ಕ್ಲೆಟಸ್, ಗಣಿಯ ಬಂಡಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದ ಮನುಷ್ಯ. ಜಿಂಕೆಯ ಬೇಟೆಗೆ ಅವನು ಹಿರಿಯ ಮಗ ಹಾರ್ಲನ್‌ನನ್ನೇ ಜೊತೆಗೆ ಕರೆದೊಯ್ಯುತ್ತಿದ್ದನು. ಉಬ್ಬಸದ ಡೆಲ್ಮರ್ ಮನೆಯಲ್ಲೇ ಉಳಿದು, ಅವರು ಮರಳಿದ ಮೇಲೆ ರೈಫಲನ್ನು ಒರೆಸಿಡಬೇಕಾಗಿತ್ತು. ಆ ರೈಫಲಿನ ಒಳಗಿನ ತಿರುಪು ತಿರುಪೂ ಅವನಿಗೆ ಗೊತ್ತು. ಅದನ್ನು ಹೆಗಲಿಗೇರಿಸಿ ಗುರಿ ಹಿಡಿದವನಲ್ಲ. ತಂದೆ ತೀರಿಕೊಂಡಾಗ ರೈಫಲ್ ಹಾರ್ಲನ್‌ನ ಪಾಲಿಗೆ ಹೋಯಿತು. ಮಣ್ಣು ಮಾಡಿ ಬಂದ ದಿನ, ಚರ್ಚಿನ ಊಟದ ಮೇಜಿನಲ್ಲಿ, ಡೆಲ್ಮರ್ ಬಾಯಿ ತಪ್ಪಿ ಅಂದುಬಿಟ್ಟನು: "ಎಣ್ಣೆ ಎಲ್ಲಿ ಹಾಕ್ಬೇಕು ಅಂತ ಗೊತ್ತಿಲ್ಲದೋನಿಗೆ ಕೊಟ್ಟು ಹೋದ ಅಪ್ಪ." ಅಂದಿನಿಂದ ಅಣ್ಣತಮ್ಮಂದಿರು ಒಂದೇ ಚರ್ಚಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಕುಳಿತು ಒಬ್ಬನೇ ದೇವರನ್ನು ಸ್ತುತಿಸಿದರು. ಇಂಥ ಸ್ತುತಿ ಮಾಡಿನ ಹಂಚನ್ನಾದರೂ ದಾಟುತ್ತದೆಯೇ?

ಎಷ್ಟೋ ವರ್ಷಗಳ ಮೇಲೆ, ಆ ಮೇಳ ನಡೆದ ವರ್ಷವೇ, ಮರಗಳೆಲ್ಲ ಕೆಂಪಗಾಗಿದ್ದ ಒಂದು ಮಧ್ಯಾಹ್ನ ಹಾರ್ಲನ್ ತಾನಾಗಿಯೇ ಬಂದು ಬಾಗಿಲು ತಟ್ಟಿದನು. ಕಂಬಳಿಯಲ್ಲಿ ಸುತ್ತಿದ ರೈಫಲ್ ತೋಳಿನಲ್ಲಿತ್ತು.

"ತೋಟಾ ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ ಕಣೋ. ಅಷ್ಟು ಮಾತ್ರ ನೋಡು."

"ಒಳಗೆ ಬಾ ಅಣ್ಣ, ಕಾಫಿ ಕುಡಿ."

"ಇನ್ನೊಂದ್ಸಲ ಬರ್ತೀನಿ." ಹಾರ್ಲನ್ ಮೆಟ್ಟಿಲಿಳಿದವನು ತಿರುಗಿ ನಿಂತನು. "ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ್ಮೇಲೆ ಸೋಮವಾರ ಜಿಂಕೆ ಬೇಟೆ ಶುರು. ನೀನೂ ಬಾ. ನಿಧಾನಕ್ಕೆ ಹತ್ತೋಣ."

ಡೆಲ್ಮರ್ ಬಾಗಿಲಿಗೆ ಆನಿಕೊಂಡು, ಅಣ್ಣನ ಟ್ರಕ್ಕು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದನು. ಕಳೆದುಹೋದ ಅಣ್ಣನನ್ನು ದೇವರು ಹೊಸ್ತಿಲಿಗೇ ತಂದು ನಿಲ್ಲಿಸಿದ್ದನು.

ದೋಷ ಒಂದು ಸವೆದ ಸ್ಪ್ರಿಂಗಿನಲ್ಲಿತ್ತು. ಕುಳಿತ ಕುಳಿತಲ್ಲೇ ಅದು ಸರಿಹೋಯಿತು. ಅಲ್ಲಿಗೆ ಎದ್ದುಬಿಟ್ಟಿದ್ದರೆ! ಆದರೆ ಅವನ ಮನಸ್ಸು ತಣಿಯಲಿಲ್ಲ. ಬರೀ ಸ್ಪ್ರಿಂಗ್ ಹಾಕಿ ಕೊಟ್ಟರೆ ಅದೇನು ಕಾಣಿಕೆ? ಆ ಊಟದ ಮೇಜಿನ ಮಾತನ್ನು ಅಳಿಸುವಂಥದ್ದೇನಾದರೂ ಆಗಬೇಡವೇ? ಮಾರುವವರಿಗೂ ಕೂಡಿಡುವವರಿಗೂ ಇರುವ ವಿಧಿ ಮನೆಯವರಿಗೂ ಉಂಟೇ ಎಂದು ತನಗೆ ತಾನೇ ಹೇಳಿಕೊಂಡು, ಅವನು ಉಪ್ಪುಕಾಗದವನ್ನು ಕೈಗೆತ್ತಿಕೊಂಡನು. ನಳಿಗೆಯ ಮಾಸಲು ಹೋಗಿ ಇರುಳಿನಂಥ ನೀಲಿಗಪ್ಪು ಬಂದಿತು. ಅಕ್ರೋಟು ಮರದ ಹಿಡಿಯ ಗೀರುಗಳು ಮಾಯವಾದವು. ಹಿಡಿ ಸಣ್ಣದಾಗುವ ಕತ್ತಿನ ಬಳಿ ಇಲಿ ಕಡಿದಂತೆ ಕಾಣುತ್ತಿದ್ದ, ಕಪ್ಪು ಹಿಡಿದ ಒಂದು ಗುಳಿಯಿತ್ತು; ಅದರ ಕಪ್ಪನ್ನು ಉಜ್ಜಿ ತೆಗೆದು, ಮರದ ಹುಡಿಯಿಂದಲೂ ಅಂಟಿನಿಂದಲೂ ತುಂಬಿ, ಸಮ ಮಾಡಿ, ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ಉಜ್ಜಿದನು. ಉಜ್ಜುವಾಗ ಹಾಡಿಕೊಳ್ಳುತ್ತಿದ್ದನು.

ಒಗೆದ ಬಟ್ಟೆ ತರಲು ಇಳಿದ ಹೆಂಡತಿ ಓಪಲ್ ಅದನ್ನು ಕಂಡು ನಿಂತಳು. "ಡೆಲ್ಮರ್, ನಿಮ್ಮಣ್ಣ ಹೇಳಿದ್ದು ತೋಟಾ ಸಿಕ್ಕಿಹಾಕ್ಕೊಳ್ಳೋದು ಮಾತ್ರ ಅಲ್ವಾ?"

"ಅವನ ಮುಖ ಹೇಗೆ ಅರಳುತ್ತೆ ಅಂತ ನೋಡ್ತಿರು."

"ಎಮ್ಮೆಟ್‌ಗೆ ಏನು ಹೇಳಿದ್ದೆ ನೀನು?"

"ಎಮ್ಮೆಟ್ ನನ್ನ ಅಣ್ಣ ಅಲ್ಲ ಕಣೆ."

ಬೇಟೆಯ ಹಿಂದಿನ ಭಾನುವಾರ, ಆರಾಧನೆ ಮುಗಿದ ಮೇಲೆ ಹಾರ್ಲನ್ ಬಂದನು. ಈ ಸಲ ಒಳಗೆ ಬಂದು ಟೊಪ್ಪಿಗೆ ತೆಗೆದು ಕುಳಿತನು. ಓಪಲ್ ಜಿಂಕೆ ಮಾಂಸದ ಸಾಸೇಜು, ಕುಂಬಳದ ಪೈ, ಕಾಫಿ ತಂದಿಟ್ಟಳು. ಡೆಲ್ಮರ್ ಮಗುವನ್ನು ಎತ್ತಿ ತರುವವನಂತೆ ರೈಫಲನ್ನು ತಂದು ಅಣ್ಣನ ಕೈಗಿತ್ತನು.

ಹಾರ್ಲನ್ ಅದನ್ನು ಒಮ್ಮೆ ತಿರುಗಿಸಿ ನೋಡಿದನು. ಎದ್ದು ನಿಂತು, ಕಿಟಕಿಯತ್ತ ತಿರುಗಿ, ಹೆಗಲಿಗೆ ಏರಿಸಿ, ಕಣ್ಣು ಮುಚ್ಚಿದನು. ಅವನ ಬಲಗೈ ಹಿಡಿಯ ಕತ್ತಿನ ಮೇಲೆ ಮುಂದೆ ಹೋಯಿತು, ಹಿಂದೆ ಬಂದಿತು, ಮತ್ತೆ ಮುಂದೆ ಹೋಯಿತು. ಕತ್ತಲಲ್ಲಿ ಚಿಲಕ ತಡಕುವವನ ಕೈಯಂತೆ.

"ಅಪ್ಪನ ಕೈ ಎಲ್ಲೋ?"

"ಏನಣ್ಣ?"

"ಇಲ್ಲಿತ್ತು. ಅಪ್ಪನ ಕೈ ಇಲ್ಲಿತ್ತು. ಇರೋ ಮೂರು ಬೆರಳಿಗೆ ಹಿಡಿತ ಸಿಗ್ಲಿ ಅಂತ ಚಾಕುವಲ್ಲಿ ತಾನೇ ಕೆರೆದಿದ್ದ. ಹಿಡಿದು ಹಿಡಿದು ಕರ್ರಗಾಗಿತ್ತು. ನಂಗೆ ಹೊಡೆಯೋದು ಕಲಿಸೋವಾಗ ನನ್ನ ಬೆರಳು ಅದರೊಳಗೆ ಇಟ್ಟು, ಮೇಲೆ ತನ್ನ ಕೈ ಇಡ್ತಿದ್ದ."

ಡೆಲ್ಮರ್ ಹಿಡಿಯ ಕತ್ತನ್ನು ನೋಡಿದನು. ಸಾವಿರ ಸಲ ಒರೆಸಿದ್ದ ಗುಳಿ ಅದು. ಗುರಿ ಹಿಡಿಯದವನಿಗೆ ಅದು ಕೈಯೆಂದು ಹೇಗೆ ತಿಳಿಯಬೇಕು?

"ನನಗೆ ಗೊತ್ತಿರ್ಲಿಲ್ಲ ಅಣ್ಣ. ನಿನಗೋಸ್ಕರ ಮಾಡ್ದೆ."

"ಅಷ್ಟು ಮಾತ್ರ ನೋಡು ಅಂದಿದ್ದೆ." ಹಾರ್ಲನ್ ದನಿ ಏರಿಸಲಿಲ್ಲ, ಏರಿಸಿದ್ದರೆ ಒಳ್ಳೆಯದಿತ್ತು. ರೈಫಲನ್ನು ಕಾಫಿಯ ಬಟ್ಟಲುಗಳ ಪಕ್ಕದಲ್ಲಿ ಮೆಲ್ಲನೆ ಮಲಗಿಸಿದನು. "ತುಂಬಾ ಚೆನ್ನಾಗಿ ಮಾಡಿದ್ದೀಯ. ನಿಂಗೆ ಬೇಕಾಗಿತ್ತಲ್ಲ ಇದು. ಈಗ ಪೂರಾ ನಿಂದೇ ಆಯ್ತು, ಇಟ್ಕೋ."

ಓಪಲ್ ಪೈ ಕಟ್ಟಿಕೊಡಲು ಎದ್ದಳು. ಅಷ್ಟರಲ್ಲಿ ಟ್ರಕ್ಕಿನ ಸದ್ದಾಯಿತು.

ಸೋಮವಾರ ಹಾರ್ಲನ್ ಯಾರದ್ದೋ ಬಂದೂಕು ಎರವಲು ಪಡೆದು ಒಬ್ಬನೇ ಗುಡ್ಡ ಹತ್ತಿದನೆಂದು ಎಮ್ಮೆಟ್ ಬಂದು ಹೇಳಿದನು. ಮೇಜಿನ ಮೇಲಿದ್ದ ರೈಫಲನ್ನು ನೋಡಿಯೂ ಅವನು ಗೇಲಿ ಮಾಡಲಿಲ್ಲ. ಆ ಕರುಣೆಯನ್ನು ನುಂಗುವುದು ಡೆಲ್ಮರನಿಗೆ ಗೇಲಿಗಿಂತ ಕಷ್ಟವಾಯಿತು.

ಅಂದೇ ಡೆಲ್ಮರ್, ತಾನು ತುಂಬಿದ್ದ ಅಂಟನ್ನೆಲ್ಲ ಕೆರೆದು ತೆಗೆದನು. ಕೆಳಗೆ ಸಿಕ್ಕಿದ್ದು ಹಸಿ ಮರದ ಬಿಳಿಚು ಬಣ್ಣ, ಅಂಚೆಲ್ಲ ಉಪ್ಪುಕಾಗದಕ್ಕೆ ಕರಗಿ ಆಕಾರವಿಲ್ಲದ ಒಂದು ತಗ್ಗು. ಕಪ್ಪು ಎಂದೋ ಹುಡಿಯಾಗಿ ಗುಡಿಸಿಹೋಗಿತ್ತು. ನಾವು ಅಳಿಸಿದ್ದನ್ನು ಮತ್ತೆ ಬರೆಯುವ ಶಕ್ತಿ ದೇವರಿಗುಂಟೆಂದು ಅವನು ಚಿಕ್ಕಂದಿನಿಂದ ನಂಬಿದ್ದನು, ಈಗಲೂ ನಂಬುತ್ತಾನೆ. ಆದರೆ ತನ್ನ ಕೈಯಿಂದ ಬರೆಸುವನೆಂಬ ಧೈರ್ಯ ಅವನಿಗಿಲ್ಲ.

ಭಾನುವಾರಗಳಲ್ಲಿ ಹಾರ್ಲನ್ ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಮನೆಗೆ ಬಂದ ಡೆಲ್ಮರ್ ನೆಲಮಾಳಿಗೆಗೆ ಇಳಿದು, ರೈಫಲನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯ ಎರಡು ಬೆರಳು ಮಡಚಿ, ಉಳಿದ ಮೂರರಿಂದ ಆ ಜಾಗವನ್ನು ಉಜ್ಜುತ್ತಾನೆ. ಓಪಲ್ ಊಟಕ್ಕೆ ಕರೆಯುವವರೆಗೂ ಉಜ್ಜುತ್ತಾನೆ. ಉಜ್ಜಿದಷ್ಟೂ ಮರ ಹೊಳೆಯುತ್ತದೆ, ಅಷ್ಟು ಮಾತ್ರ.