ಎರಡು ರಸ್ತೆ ಆಚೆಯ ಮನೆ

ಶಿವಾಜಿನಗರದಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿ ನನ್ನದು. ನಾನು ಜೋಗುಪಾಳ್ಯದವಳು, ಬಾಯಿ ಸ್ವಲ್ಪ ಜೋರು, ತಡವಾಗಿ ಬರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದು ವರ್ಷ ನನ್ನ ಈ ಬಾಯಿಗೆ ಸಿಗದೆ ತಪ್ಪಿಸಿಕೊಂಡವಳು ಒಬ್ಬಳೇ, ನಮ್ಮ ಕಟಿಂಗ್ ಮಾಸ್ಟರ್. ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು, ಕಂಟೋನ್ಮೆಂಟಿನಲ್ಲಿ ಇಳಿದು, ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಕತ್ತರಿ ಹಿಡಿದಿರುತ್ತಿದ್ದಳು. ರೈಲೇ ಕೈಕೊಟ್ಟ ದಿನ ನಾನು ಯಾರನ್ನು ಬೈಯಲಿ?

ಅವಳಿಂದ ಇನ್ನೊಂದು ಅನುಕೂಲವಿತ್ತು. ಮೇ ತಿಂಗಳಲ್ಲಿ ಕೆಲಸ ತಲೆಯ ಮೇಲೆ ಬಂದು ಬಿದ್ದಾಗ "ಇನ್ನಿಬ್ಬರು ಬೇಕಲ್ಲಮ್ಮ" ಎಂದರೆ ಸಾಕು, ಎರಡೇ ದಿನದಲ್ಲಿ ಮಾಲೂರಿನವಳೊಬ್ಬಳು, ಟೇಕಲ್ಲಿನವಳೊಬ್ಬಳು ಅವಳ ಹಿಂದೆ ಬಂದು ನಿಂತಿರುತ್ತಿದ್ದರು. ಯಾವ ಅಂಗಡಿಯಲ್ಲಿ ಕೆಲಸ ಖಾಲಿಯಿದೆ, ಯಾವ ಯಜಮಾನ ಸಿಡುಕ ಎಂಬುದೆಲ್ಲ ಹೆಂಗಸರ ಬೋಗಿಯಲ್ಲಿ ಹೂ ಕಟ್ಟುತ್ತ, ಬೆಳ್ಳುಳ್ಳಿ ಬಿಡಿಸುತ್ತ ತೀರ್ಮಾನವಾಗುತ್ತಿತ್ತು. ನನ್ನ ಬಗ್ಗೆ ಏನು ಹೇಳಿದ್ದಳೋ, ಕೇಳುವ ಧೈರ್ಯ ಮಾಡಲಿಲ್ಲ.

ಆದರೂ ಅವಳನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಹೋಗುತ್ತ ಬರುತ್ತ ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಕಳೆಯುತ್ತಿತ್ತಲ್ಲ. ಕಳೆದ ವರ್ಷ ಅಂಗಡಿಯಿಂದ ಎರಡು ರಸ್ತೆ ಆಚೆ ಮನೆಯೊಂದು ಖಾಲಿಯಾದಾಗ, ಮಾಲೀಕರನ್ನು ಕಾಡಿ ಬೇಡಿ ಅವಳಿಗೆ ಕೊಡಿಸಿದೆ. ಅವಳು ಯೋಚಿಸುವಷ್ಟರಲ್ಲಿ ಗಂಡ ಒಪ್ಪಿಬಿಟ್ಟಿದ್ದ; ಅವನು ಮಹದೇವಪುರದಲ್ಲಿ ಕ್ಯಾಬ್ ಓಡಿಸುವವನು. ಗಂಡ, ಅತ್ತೆ, ಮಗಳು, ಗ್ರೈಂಡರ್ ಸಮೇತ ಸಂಸಾರ ಬಂದಿಳಿಯಿತು. ಎಂಥ ಪುಣ್ಯದ ಕೆಲಸ ಮಾಡಿದೆ ಎಂದು ನಾನು ಬೀಗಿದ್ದೇ ಬೀಗಿದ್ದು.

ಮೊದಲ ವಾರ ಅವಳು ಒಂಬತ್ತೂಕಾಲಿಗೆ ಬಂದಳು. ಎರಡನೇ ವಾರ ಒಂಬತ್ತೂವರೆಗೆ.

"ಎಂಟು ನಿಮಿಷದ ದಾರಿ, ಏನಮ್ಮ ನಿಂದು?" ಎಂದು ರೇಗಿದೆ.

"ಅದೇ ಅಕ್ಕ ಆಗಿರೋದು. ಎಂಟೇ ನಿಮಿಷ ಅಲ್ವಾ, ಇನ್ನೊಂದು ದೋಸೆ ಹಾಕ್ಬಿಟ್ಟು ಹೋಗು ಅಂತಾರೆ."

ಮೊದಲಾದರೆ ರೈಲು ಯಾರಿಗೂ ಕಾಯುವುದಿಲ್ಲವೆಂದು ಅವಳ ಮನೆಯವರಿಗೆಲ್ಲ ಗೊತ್ತಿತ್ತು. ಈಗ ಹುಣಸೆಹಣ್ಣಿನ ಡಬ್ಬ ಎಲ್ಲಿಟ್ಟಿದ್ದೀಯ ಎಂದು ಕೇಳಲು ಅತ್ತೆ ಮಟಮಟ ಮಧ್ಯಾಹ್ನ ಅಂಗಡಿಗೇ ಬರುತ್ತಿದ್ದರು. ಇವಳು ಕತ್ತರಿ ಕೆಳಗಿಟ್ಟು ಹೋಗಿ ಹುಡುಕಿಕೊಟ್ಟು ಬರುತ್ತಿದ್ದಳು. ಬೋಗಿಯ ನಂಟು ತಪ್ಪಿದ್ದರಿಂದ ಹೊಸಬರೂ ಬರಲಿಲ್ಲ. ಆ ಮೇ ತಿಂಗಳಿಡೀ ನಾನೇ ಕನ್ನಡಕ ಏರಿಸಿಕೊಂಡು ಗುಂಡಿ ಹೊಲಿದೆ.

ಶಾಲೆಗಳು ಶುರುವಾದ ಮೇಲೆ ಒಂದು ಶನಿವಾರ ಅವಳು ಮೆಲ್ಲಗೆ ಹೇಳಿದಳು: "ಅತ್ತೆಗೆ ಇಲ್ಲಿ ನಿದ್ದೆ ಹತ್ತಲ್ವಂತೆ ಅಕ್ಕ. ಊರಿಗೆ ವಾಪಸ್ ಹೋಗ್ತಿದೀವಿ. ಸೋಮವಾರ ರೈಲಲ್ಲೇ ಬರ್ತೀನಿ."

ಇದು ಕೆಲಸ ಬಿಡುವ ಪೀಠಿಕೆ ಎಂದುಕೊಂಡೆ. ಅವಳ ಊರಿನ ಹತ್ತಿರವೇ ಹೊಸ ಗಾರ್ಮೆಂಟ್ಸ್ ಶುರುವಾಗಿತ್ತು. ಮನೆ ಬಾಗಿಲಿಗೇ ಬಸ್ಸು ಬರುತ್ತದಂತೆ, ಸಂಬಳವೂ ಹೆಚ್ಚುಕಡಿಮೆ ನಾನು ಕೊಡುವಷ್ಟೇ ಅಂತೆ. ಪಕ್ಕದ ಗುಂಡಿ-ಝಿಪ್ ಅಂಗಡಿಯ ಭಾಯಿ ಬೇರೆ, "ಈ ತಿಂಗಳು ಮುಗಿಸಿ ಹೊರಟ್ಬಿಡ್ತಾರೆ, ನೋಡ್ತಾ ಇರಿ ಮೇಡಂ" ಎಂದರು. ಅವಳು ಬಿಟ್ಟರೆ ನನ್ನ ಅಂಗಡಿ ಮುಂದಿನ ಜೂನ್ ಕಾಣುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಹಳೆಯ ಹಾಗೆ ಐದು ನಿಮಿಷ ಮುಂಚೆಯೇ ಬಂದಳು. ಆದರೂ ಉಳಿಯುತ್ತಾಳೆಂಬ ನಂಬಿಕೆ ನನಗೆ ಬರಲಿಲ್ಲ. ಸಂಜೆ ಅವಳ ಜೊತೆಗೇ ಹೋಗಿ ರೈಲು ಹತ್ತಿದೆ. ಕೆ.ಆರ್. ಪುರದವರೆಗೆ ಮಾತಾಡಿ, ಅಲ್ಲಿಳಿದು ಮೆಟ್ರೋದಲ್ಲಿ ಮನೆ ಸೇರುವುದು ನನ್ನ ಯೋಚನೆ. ಬೋಗಿಯ ಹೆಂಗಸರು ಒತ್ತಿಕೊಂಡು ಕೂತು ನಮಗೆ ಜಾಗ ಬಿಟ್ಟರು. ಒಬ್ಬಾಕೆ ನನ್ನ ಮಡಿಲಿಗೆ ಒಂದಿಷ್ಟು ಬೆಳ್ಳುಳ್ಳಿ ಸುರಿದು, "ಆ ಮನೆ ಕೊಡ್ಸಿದ್ದು ನೀವೇನಾ?" ಎಂದು ಕೇಳಿದರು. ಸುತ್ತ ಇದ್ದವರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಇನ್ನು ಸುತ್ತಿಬಳಸುವುದು ನನ್ನಿಂದಾಗಲಿಲ್ಲ. "ಆ ಗಾರ್ಮೆಂಟ್ಸ್‌ಗೆ ಸೇರ್ತಿದೀಯಾ?" ಎಂದೆ.

"ಕರೆದ್ರು ಅಕ್ಕ. ಆಗಲ್ಲ ಅಂದೆ."

ಎಲ್ಲ ನನ್ನ ಮೇಲಿನ ಪ್ರೀತಿಗೆ ಎಂದುಕೊಂಡು ನಾನು ಕಣ್ಣೊರೆಸಿಕೊಳ್ಳುವುದರಲ್ಲಿದ್ದೆ. ಅವಳು ಮುಂದುವರಿಸಿದಳು: "ಮನೆ ಹತ್ರ ಕೆಲ್ಸ ಅಂದ್ರೆ ಮತ್ತೆ ಅದೇ ಹುಣಸೆಹಣ್ಣು. ಬೆಳಗ್ಗೆ ಒಂದೂವರೆ ಗಂಟೆ, ಸಾಯಂಕಾಲ ಒಂದೂವರೆ ಗಂಟೆ ಇಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ. ಅದನ್ನ ಬಿಟ್ಕೊಡು ಅಂದ್ರೆ ಹೆಂಗಕ್ಕ?"

ನಾಚಿಕೆಯಾಯಿತು, ನಗುವೂ ಬಂತು. ಅಷ್ಟು ವರ್ಷ ನಾನು ಅಯ್ಯೋ ಪಾಪ ಎಂದುಕೊಂಡ ಮೂರು ಗಂಟೆಯೇ ಅವಳ ಆಸ್ತಿ. ನನ್ನ ಅಂಗಡಿ ಉಳಿದದ್ದು ಅದರ ದಯೆಯಿಂದ.

ಕೆ.ಆರ್. ಪುರ ಬಂತು. ಎದ್ದು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ನಮ್ಮ ಮನೆಯವರ ಫೋನು.

"ಎಲ್ಲಿದೀಯ? ರಾತ್ರಿಗೆ ಅಡುಗೆ ಏನು?"

ಇಳಿಯುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತೆ. "ನಾನು ರೈಲಲ್ಲಿದೀನಿ ರೀ, ಬರೋದು ತಡ ಆಗುತ್ತೆ. ನೀವೇ ಏನಾದ್ರೂ ಮಾಡ್ಕೊಳ್ಳಿ" ಎಂದು ಫೋನಿಟ್ಟೆ. ರೈಲು ಹೊರಟಿತು. ನಾನು ವಾಪಸ್ ಬಂದು ಅವಳ ಪಕ್ಕದಲ್ಲಿ ಕೂತೆ.