ಮೂಡಣಕ್ಕೆ ತಿರುಗಿದ ವಿಮಾನ

ನಂದಗಡದ ಗುರುಪುತ್ರಪ್ಪ ಜನ್ಮದಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಅದೂ ಎರಡಕ್ಷರದ್ದು. ಸಂತೆಯಲ್ಲಿ ಕೂತು ಹೊತ್ತು ಮೂಡಿದಾಗಿನಿಂದ ಸುಳ್ಳು ಹೇಳುವವರು ಉಂಡು ತೇಗಿ ಹಾಯಾಗಿ ಇರುತ್ತಾರೆ. ಇವನನ್ನು ಮಾತ್ರ ಆ ಎರಡಕ್ಷರ ತಿಂದು ಹಾಕಿತು. ಇದು ಯಾವ ಊರಿನ ನ್ಯಾಯವೋ!

ಏರ್‌ಫೋರ್ಸಿನಲ್ಲಿ ಹದಿನೈದು ವರ್ಷ ಫಿಟ್ಟರ್ ಆಗಿದ್ದು, ಎಪ್ಪತ್ತೊಂದರಲ್ಲಿ ಬೆಳಗಾವಿಗೆ ಬಂದವನು ಗುರುಪುತ್ರಪ್ಪ. ಸಾಂಬ್ರಾ ಕಡೆ ಆಗ ಒಂದು ಖಾಸಗಿ ಫ್ಲೈಯಿಂಗ್ ಕ್ಲಬ್ಬಿತ್ತು, ಈಗ ಅದರ ಪತ್ತೆಯಿಲ್ಲ. ಇಬ್ಬರು ಕೂರುವ ಮೂರು ಗಾಲಿಯ ಒಂದೇ ಒಂದು ವಿಮಾನ, ತಗಡಿನ ಒಂದು ಹ್ಯಾಂಗರ್. ಅದಕ್ಕೆ ಇವನೇ ಮೆಕ್ಯಾನಿಕ್, ಇವನೇ ಯಜಮಾನ ಎಂದರೂ ನಡೆದೀತು. ಮೂಗಿನ ತುದಿಯಲ್ಲೇ ಸಿಟ್ಟು. ಎಣ್ಣೆಗೈಯಲ್ಲಿ ಯಾರಾದರೂ ರೆಕ್ಕೆ ಮುಟ್ಟಿದರೆ, ಕ್ಲಬ್ಬಿನ ಅಧ್ಯಕ್ಷರೇ ಆಗಲಿ, ‘ಕೈ ತೊಳ್ಕೊಂಡು ಬರ್ರೀ ಮೊದಲ’ ಎಂದು ಗದರುವವನು. ಏಳು ವರ್ಷದಲ್ಲಿ ಅವನ ಕೆಲಸದ ಮೇಲೆ ಒಂದು ದೂರಿಲ್ಲ. ಅದರ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತು.

ಹಾರಲು ಕಲಿಸುವ ಪೈಲಟ್ ಮಾರ್ತಾಂಡ, ಖಾನಾಪುರದವನು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ವಕೀಲಿ ಮನೆತನದಲ್ಲಿ ಹುಟ್ಟಿ, ಕರೀ ಕೋಟು ಬ್ಯಾಡ ನನಗ ಆಕಾಶ ಬೇಕು ಎಂದು ಅಪ್ಪನೊಡನೆ ಜಗಳಾಡಿ ಬಂದ ಮನುಷ್ಯ. ದಿನಾ ಮುಂಜಾನೆಯ ರೈಲಿಗೆ ಬರುತ್ತಿದ್ದ. ಬಂದವನೇ ವಿಮಾನಕ್ಕಿಂತ ಮೊದಲು ಗುರುಪುತ್ರಪ್ಪನ ಮುಖ ನೋಡುತ್ತಿದ್ದ. ‘ಏನಪಾ, ಹೋಗ್ಲ್ಯಾ?’ ‘ಹೋಗಿ ಬರ್ರಿ ಸಾಹೇಬ್ರ.’ ಅಷ್ಟಾದ ಮೇಲೆಯೇ ಅವನು ಒಳಗೆ ಕೂರುವುದು. ಹಾರುವುದೊಂದನ್ನು ಬಿಟ್ಟರೆ ಬೇರೆ ಯಾವ ವಿದ್ಯೆಯೂ ಅವನಿಗೆ ಬೇಕಿರಲಿಲ್ಲ.

ಆ ವಿಮಾನದ ಮೂಗಿನ ಕೆಳಗೆ ಒಂದು ಗಾಲಿ. ನೆಲದ ಮೇಲೆ ಓಡುವಾಗ ಪೈಲಟ್ ಕಾಲಲ್ಲಿ ಪೆಡಲ್ ಒತ್ತಿ ಅದನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕು. ಗಾಲಿ ಇಷ್ಟೇ ತಿರುಗಲಿ, ಇದಕ್ಕಿಂತ ಹೆಚ್ಚು ಬೇಡ ಎಂದು ಒಳಗೆ ಹೆಬ್ಬೆರಳಿನಷ್ಟು ಒಂದು ಲೋಹದ ತಡೆ ಇರುತ್ತದೆ. ವಿಮಾನವನ್ನು ಕೈಯಿಂದ ಎಳೆದಾಡುವಾಗ ಗಾಲಿಗೆ ಕಬ್ಬಿಣದ ಹಿಡಿಕೆ ಸಿಕ್ಕಿಸಿ ತಿರುಗಿಸುತ್ತಾರೆ. ಮಿತಿ ಮೀರಿ ತಿರುಗಿಸಿದರೆ ಆ ತಡೆ ಒಳಗೇ ಸೀಳುತ್ತದೆ. ಹೊರಗೆ ನೋಡುವವರಿಗೆ ಏನೂ ಕಾಣುವುದಿಲ್ಲ. ಇದೆಲ್ಲ ಗುರುಪುತ್ರಪ್ಪನಿಗೆ ನೀರು ಕುಡಿದಷ್ಟು ಸಲೀಸಾಗಿ ಗೊತ್ತಿತ್ತು. ಗೊತ್ತಿಲ್ಲದವನು ಮಾಡಿದ್ದರೆ ಈ ಕತೆಯನ್ನು ಹೇಳುವ ಅಗತ್ಯವೇ ಇರಲಿಲ್ಲ.

ಎಪ್ಪತ್ತೆಂಟರ ಮಹಾನವಮಿ. ಹ್ಯಾಂಗರಿನಲ್ಲಿ ಖಂಡೇಪೂಜೆ. ಸ್ಪ್ಯಾನರ್, ಸುತ್ತಿಗೆ, ಇಕ್ಕಳ ಎಲ್ಲವನ್ನೂ ತೊಳೆದು ಒರೆಸಿ ಹಳದಿ ವಸ್ತ್ರದ ಮೇಲೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಕುಂಕುಮ ಇಟ್ಟಿದ್ದಾಗಿತ್ತು. ವಿಮಾನದ ಮೂಗಿಗೆ ಚೆಂಡುಹೂವಿನ ಹಾರ. ಆಗ ಗುರುಪುತ್ರಪ್ಪನ ಕಣ್ಣಿಗೆ ಬಿತ್ತು, ವಿಮಾನದ ಮುಖ ಪಡುವಣಕ್ಕಿದೆ! ಕಾವಲುಗಾರ ಮೈಲಾರಲಿಂಗನನ್ನು ಕರೆದ.

‘ತಿರುಗಸೂಣು ಬಾ. ಪೂಜಿ ಅಂದ್ರ ಮೂಡಣಕ್ಕ ಮಾರಿ ಇರಬೇಕು.’

‘ಯಣ್ಣಾ, ಒಳಗ ಜಾಗಾ ಎಲ್ಲೈತಿ? ಹೊರಗ ಎಳದು ತಿರುಗಸಬೇಕಾಕ್ಕತಿ.’

‘ಹೊರಗ ರಾಡಿ ಐತಿ. ತೊಳದ ಗಾಲಿ ಮತ್ತ ರಾಡ್ಯಾಗ ಅದ್ದಲ್ಯಾ? ನೀ ಬಾಲಾ ಹಿಡಕೊ, ನಾ ನೋಡ್ಕೋತೀನಿ.’

ಮೈಲಾರಲಿಂಗ ಹಿಂದೆ ಬಾಲ ಹಿಡಿದು ದೂಡಿದ, ಗುರುಪುತ್ರಪ್ಪ ಮುಂದೆ ಹಿಡಿಕೆ ಹಿಡಿದು ತಿರುಗಿಸಿದ. ರೆಕ್ಕೆಯ ತುದಿ ಗೋಡೆಗೆ ನಾಲ್ಕು ಬೆರಳು ಉಳಿದಾಗ ಇನ್ನೊಂದಿಷ್ಟು ಒತ್ತಿದ. ಒಳಗಿನಿಂದ ಟಕ್ ಎಂದಿತು. ಬೆರಳಿನ ನಟಿಕೆ ಮುರಿದಷ್ಟು ಸಣ್ಣ ಸಪ್ಪಳ. ಹಿಂದಿದ್ದವನಿಗೆ ಕೇಳಿಸಲಿಲ್ಲ. ಹಿಡಿಕೆ ಹಿಡಿದ ಕೈಗೆ ಮಾತ್ರ ತಿಳಿಯಿತು.

ಬಿಚ್ಚಿ ನೋಡಬೇಕಿತ್ತು. ಆದರೆ ಬಿಚ್ಚುವುದಾದರೂ ಯಾವುದರಿಂದ? ಸ್ಪ್ಯಾನರುಗಳೆಲ್ಲ ಪೂಜೆಗೆ ಕೂತಿವೆ. ಖಂಡೇಪೂಜೆಗೆ ಇಟ್ಟ ಸಾಮಾನನ್ನು ಮರುದಿನದ ಮಂಗಳಾರತಿಯ ತನಕ ಮುಟ್ಟುವ ಹಾಗಿಲ್ಲ. ಹಿಂದಿನ ವರ್ಷ ಮಾರ್ತಾಂಡ ಮರೆತು ಒಂದು ಸ್ಕ್ರೂಡ್ರೈವರ್ ಎತ್ತಿದಾಗ ಮಂದಿಯೆದುರಿಗೇ ಬೈದವನು ಇವನೇ. ಅಷ್ಟರಲ್ಲಿ ಜನ ಬಂದರು, ಆರತಿ ತಟ್ಟೆ ಬಂತು. ಹಬ್ಬದ ದಿನ, ದೀಪದ ಮುಂದೆ, ಮುರಿಯಿತು ಒಡೆಯಿತು ಎಂಬ ಮಾತು ಬಾಯಿಗೆ ಬರಲಿಲ್ಲ. ನಾಳೆ ಹತ್ತು ಗಂಟೆಗೆ ಮಂಗಳಾರತಿ, ಅದಕ್ಕೂ ಮೊದಲು ಯಾವ ವರ್ಷವೂ ವಿಮಾನ ಹಾರಿಲ್ಲ, ಆರತಿ ಆದ ಕೂಡಲೇ ಬಿಚ್ಚಿ ನೋಡಿದರಾಯಿತು ಎಂದುಕೊಂಡ. ಅಯ್ಯೋ ಮನುಷ್ಯನೇ, ಪೈಲಟ್ಟನ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಯಾವ ದೇವರು ಮುನಿಯುತ್ತಿದ್ದ? ಹೋಗಲಿ, ವಿಮಾನದ ಮೇಲೊಂದು ಚೀಟಿ ಅಂಟಿಸಿದ್ದರೂ ಸಾಕಿತ್ತು.

ಮರುದಿನ ವಿಜಯದಶಮಿ. ಕಾಂತಾ ಎಂಬ ಕಾಲೇಜು ಹುಡುಗಿಯ ಹಾರಾಟದ ಮೊದಲ ಪಾಠ. ಒಳ್ಳೆಯ ಮುಹೂರ್ತ ಏಳಕ್ಕೆ ಮೊದಲೇ ಇದೆ ಎಂದು ಅವಳ ತಂದೆ ಹಟ ಹಿಡಿದಿದ್ದರು. ಗುರುಪುತ್ರಪ್ಪನಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಮಾರ್ತಾಂಡ ಹಿಂದಿನ ದಿನವೇ ಬೆಳಗಾವಿಯಲ್ಲಿ ಉಳಿದು ಬೆಳಿಗ್ಗೆ ಬೇಗ ಬಂದ. ವಿಮಾನದ ಸುತ್ತ ಎರಡು ಸಲ ಸುತ್ತಿ, ಮುಟ್ಟಿ, ತಟ್ಟಿ ನೋಡಿದ. ಸೀಳಿದ್ದು ಒಳಗೆ, ಅವನಿಗೆ ಹೇಗೆ ಕಾಣಬೇಕು? ಮುಹೂರ್ತ ಮೀರುತ್ತದೆಂದು ಅದೊಂದು ದಿನ ಗುರುಪುತ್ರಪ್ಪನ ಮುಖ ನೋಡದೆಯೇ ಒಳಗೆ ಕೂತ.

ಗುರುಪುತ್ರಪ್ಪ ಶಹಾಪುರದ ಮನೆಯಿಂದ ಸೈಕಲ್ ತುಳಿಯುತ್ತ ಬರುತ್ತಿದ್ದಾಗ ತಲೆಯ ಮೇಲೆ ಎಂಜಿನ್ನಿನ ಸದ್ದು ಕೇಳಿಸಿತು. ಆ ಸದ್ದನ್ನು ಅವನು ಸಾವಿರ ಸದ್ದುಗಳಲ್ಲಿ ಗುರುತಿಸಬಲ್ಲ. ಜೋರಾಗಿ ತುಳಿದು ಮೈದಾನದ ಬೇಲಿ ಮುಟ್ಟುವಷ್ಟರಲ್ಲಿ ವಿಮಾನ ಇಳಿಯುತ್ತಿತ್ತು. ಹಿಂದಿನ ಎರಡು ಗಾಲಿ ನೆಲ ಮುಟ್ಟಿದವು. ಮೂಗು ಕೆಳಗೆ ಬಂತು. ಮೂಗಿನ ಗಾಲಿ ನೆಲ ಮುಟ್ಟಿದ್ದೇ ತಡ, ವಿಮಾನ ಯಾರೋ ಮೂಗುದಾರ ಹಿಡಿದು ಜಗ್ಗಿದಂತೆ ಎಡಕ್ಕೆ ಹೊರಳಿತು, ಗಟಾರಕ್ಕೆ ನುಗ್ಗಿತು, ಮಗುಚಿತು.

ಕಾಂತಾಳ ಹೆಗಲ ಎಲುಬು ಮುರಿಯಿತು, ತಿಂಗಳೆರಡರಲ್ಲಿ ಕೂಡಿತು. ಮಾರ್ತಾಂಡನ ಬಲ ಮಂಡಿ ನುಚ್ಚಾಯಿತು. ವೈದ್ಯರು ಜೋಡಿಸಿದರು. ಆರು ತಿಂಗಳಲ್ಲಿ ಮತ್ತೆ ಹಾರಬಹುದು ಎಂದೂ ಹೇಳಿದರು. ಅವನಿಗೆ ಬೇಕಿದ್ದದ್ದು ಅದೊಂದೇ.

ದಿಲ್ಲಿಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮೂಗಿನ ಗಾಲಿಯ ಕಾಲು ಗಟಾರದ ಕಲ್ಲಿಗೆ ಬಡಿದು ಹತ್ತಾರು ಚೂರಾಗಿತ್ತು. ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂದು ತಿಳಿಯುವಂತಿರಲಿಲ್ಲ. ಅವರು ಗುರುಪುತ್ರಪ್ಪನನ್ನು ಕೂರಿಸಿಕೊಂಡು ನೇರವಾಗಿ ಕೇಳಿದರು: ಅಪಘಾತಕ್ಕೆ ಮುಂಚೆ ವಿಮಾನವನ್ನು ಎಳೆಯುವಾಗ ಮೂಗಿನ ಗಾಲಿಯನ್ನು ಮಿತಿ ಮೀರಿ ತಿರುಗಿಸಿದ್ದು ಉಂಟೆ?

‘ಇಲ್ಲ’ ಎಂದ.

ಹೊಟ್ಟೆಪಾಡು, ಹೆಂಡತಿ ಮಕ್ಕಳು ಎಂದು ನಾವು ಅವನ ಪರವಾಗಿ ಏನೇನೋ ಹೇಳಬಹುದು. ಅವನು ಹಾಗೆ ಹೇಳಿಕೊಳ್ಳಲಿಲ್ಲ. ‘ಮಾನಕ್ಕ ಅಂಜಿದೆ’ ಎಂದು ಹೆಂಡತಿ ಶಿವಲಿಂಗವ್ವನ ಮುಂದೆ ಮುಂದೊಂದು ದಿನ ಒಪ್ಪಿಕೊಂಡ.

ಯಂತ್ರದಲ್ಲಿ ದೋಷವಿಲ್ಲ ಎಂದ ಮೇಲೆ ದೋಷ ಮನುಷ್ಯನದ್ದೇ ಆಗಬೇಕಲ್ಲ. ಇಳಿಯುವಾಗ ಪೈಲಟ್ ಎಡಗಾಲಿನ ಪೆಡಲನ್ನು ಒತ್ತಿಹಿಡಿದಿದ್ದರಿಂದ ಅಪಘಾತ ಎಂದು ವರದಿ ಬಂತು. ಮಾರ್ತಾಂಡನ ಲೈಸೆನ್ಸ್ ರದ್ದಾಯಿತು. ಊರುಗೋಲು ಊರಿಕೊಂಡು ಕ್ಲಬ್ಬಿಗೆ ಬಂದು, ‘ನನ್ನ ಕಾಲು ಪೆಡಲ್ ಮ್ಯಾಲ ಇರ್ಲೇ ಇಲ್ಲರೀ, ದೇವರಾಣಿ ಇರ್ಲಿಲ್ಲ’ ಎಂದು ಎಲ್ಲರೆದುರು ಕೂಗಾಡಿದ. ದಿಲ್ಲಿಗೆ ಮೂರು ಅರ್ಜಿ ಬರೆದ. ಗುರುಪುತ್ರಪ್ಪ ಆ ಹೊತ್ತಿನಲ್ಲಿ ಹ್ಯಾಂಗರಿನ ಮೂಲೆಯಲ್ಲಿ ನಿಂತು ಎಣ್ಣೆಯ ಡಬ್ಬಿ ಒರೆಸುತ್ತಿದ್ದ. ನಾಲಿಗೆ ಬಿದ್ದುಹೋಗಿತ್ತೇ ಅವನದ್ದು!

ಮಾರ್ತಾಂಡ ಖಾನಾಪುರಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಬಾಜೂ ಮಹಡಿಯ ಮೇಲೆ ಟೈಪಿಂಗ್ ಕ್ಲಾಸ್ ತೆರೆದ. ಗುರುಪುತ್ರಪ್ಪ ತನ್ನೂರಿಗೆ ಹೋಗಬೇಕೆಂದರೆ ಖಾನಾಪುರ ದಾಟಿಯೇ ಹೋಗಬೇಕು. ಬಸ್ಸು ಅಲ್ಲಿ ನಿಂತಷ್ಟು ಹೊತ್ತೂ ಮುಖವನ್ನು ಆಚೆ ಬದಿಗೆ ತಿರುಗಿಸಿ ಕೂರುತ್ತಿದ್ದ. ಮಹಡಿಯಿಂದ ಟೈಪಿಂಗ್ ಮಷೀನುಗಳ ಸದ್ದು ಬೇಡವೆಂದರೂ ಕೇಳುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ನೋಟ ನಿಲ್ಲದು. ಊಟ ಅರ್ಧಕ್ಕೆ ಬಂತು, ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ‘ಇವ್ರು ಬೈದ್ರೂ ಚೊಲೊ ಇತ್ತವಾ, ಸುಮ್ಮನ ಕುಂದರತಾರ’ ಎಂದು ಶಿವಲಿಂಗವ್ವ ನೆರೆಯವರ ಮುಂದೆ ಕಣ್ಣೀರು ಹಾಕುತ್ತಿದ್ದಳು.

ಎಂಬತ್ತೊಂದರ ಆಷಾಢದಲ್ಲಿ ಕ್ಲಬ್ಬಿಗೆ ಒಂದು ಸರಕಾರಿ ಸುತ್ತೋಲೆ ಬಂತು. ಅಷ್ಟರಲ್ಲಿ ಕ್ಲಬ್ಬು ಅದೇ ಜಾತಿಯ ಇನ್ನೊಂದು ವಿಮಾನ ತಂದಿತ್ತು. ಈ ಜಾತಿಯ ಎಲ್ಲ ವಿಮಾನಗಳ ಮೂಗಿನ ಗಾಲಿಯಲ್ಲಿ ಹಳೆಯ ತಡೆಯನ್ನು ತೆಗೆದು ದಪ್ಪ ಉಕ್ಕಿನ ಹೊಸ ತಡೆಯನ್ನು ಕೂರಿಸಬೇಕು, ತಿರುಗಿಸುವ ಮಿತಿಗೆ ಕೆಂಪು ಗೆರೆ ಬಳಿಯಬೇಕು, ಇದು ಕಡ್ಡಾಯ, ಮಾಡುವ ತನಕ ಹಾರುವಂತಿಲ್ಲ. ಕೆಳಗೆ ಕಾರಣ ಬರೆದಿತ್ತು. ಎಳೆಯುವಾಗ ಗಾಲಿಯನ್ನು ಮಿತಿ ಮೀರಿ ತಿರುಗಿಸಿದರೆ ತಡೆ ಸೀಳುತ್ತದೆ; ಸೀಳಿದ ತುಂಡು ಸಂದಿಯಲ್ಲಿ ಸಿಕ್ಕಿ ಗಾಲಿ ಓರೆಯಾಗಿ ನಿಲ್ಲುತ್ತದೆ; ಇಳಿಯುವಾಗ ವಿಮಾನ ಒಂದು ಬದಿಗೆ ಹೊರಳುತ್ತದೆ. ಹೊರದೇಶಗಳಲ್ಲಿ ಹೀಗೆ ನಾಲ್ಕು ಕಡೆ ಆಗಿದೆ.

ಗುರುಪುತ್ರಪ್ಪ ಸಾಲುಸಾಲಿಗೆ ಬೆರಳಿಟ್ಟು ಎರಡು ಸಲ ಓದಿದ. ಸಾವಿರಾರು ಮೈಲಿ ಆಚೆ ಕೂತವರು ಅವನ ಪಾಪವನ್ನು ಕಣ್ಣಾರೆ ಕಂಡಂತೆ ಬರೆದಿದ್ದರು. ಎರಡು ದಿನದಲ್ಲಿ ಹೊಸ ತಡೆ ಕೂರಿಸಿದ, ಗೆರೆ ಬಳಿದ. ಮೂರನೆಯ ದಿನ ದಿಲ್ಲಿಗೆ ಕಾಗದ ಬರೆದ. ಮೂಡಣಕ್ಕೆ ತಿರುಗಿಸಿದ್ದು, ಟಕ್ ಎಂದದ್ದು, ‘ಇಲ್ಲ’ ಎಂದದ್ದು, ಒಂದನ್ನೂ ಬಿಡಲಿಲ್ಲ. ನನ್ನ ಲೈಸೆನ್ಸ್ ಕಿತ್ತುಕೊಳ್ಳಿ, ಪೈಲಟ್ ಸಾಹೇಬರದ್ದನ್ನು ಕೊಡಿ ಎಂದು ಕೊನೆಗೆ ಸಹಿ ಹಾಕಿದ. ಆ ದಿನ ಹೊಟ್ಟೆ ತುಂಬ ಉಂಡ ಎಂದು ಶಿವಲಿಂಗವ್ವ ಹೇಳುತ್ತಾಳೆ.

ಮೂರು ತಿಂಗಳಿಗೆ ಉತ್ತರ ಬಂತು. ನಿಮ್ಮ ಕಾಗದದ ಮೇಲೆ ಪೈಲಟ್ಟರನ್ನು ವಿಚಾರಿಸಲಾಯಿತು. ಪೆಡಲ್ ಒತ್ತಿದ್ದು ತಮ್ಮದೇ ತಪ್ಪೆಂದು ಅವರು ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಸಹೋದ್ಯೋಗಿಯ ಮೇಲಿನ ನಿಮ್ಮ ಅಭಿಮಾನ ನಮಗೆ ಅರ್ಥವಾಗುತ್ತದೆ. ಕಡತವನ್ನು ಮುಚ್ಚಲಾಗಿದೆ.

ಗುರುಪುತ್ರಪ್ಪ ಆ ಮಧ್ಯಾಹ್ನವೇ ಖಾನಾಪುರದ ಬಸ್ಸು ಹತ್ತಿದ. ಕ್ಲಾಸಿಗೆ ಬಿಡುವಿನ ಹೊತ್ತು, ಮಷೀನುಗಳ ಮೇಲೆಲ್ಲ ಬಟ್ಟೆ ಹೊದಿಸಿತ್ತು. ಮಾರ್ತಾಂಡ ಸೆಟೆದ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಇವನನ್ನು ಕಂಡದ್ದೇ ಮುಖ ಅರಳಿತು.

‘ಅರೇ, ಬಾ ಬಾ! ಕುಂದರು. ಕುಂದಾ, ಚಹಾ ಮಾಡs. ಯಾರ ಬಂದಾರ ನೋಡು’ ಎಂದು ಒಳಕೋಣೆಯಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದ.

‘ಸಾಹೇಬ್ರ, ಹಂಗ ಯಾಕ ಬರದ್ರಿ? ತಪ್ಪು ನಂದು. ನನ್ನ ಕೈಯಾಗ ಮುರದದ್ದು.’

ಮಾರ್ತಾಂಡ ನಕ್ಕ. ತೋರಿಕೆಯ ನಗೆಯಲ್ಲ, ಪ್ರೀತಿಯಿಂದ ನಕ್ಕ. ‘ದಿಲ್ಲಿಯವರು ನಿನ್ನ ಕಾಗದ ಕಳಿಸಿದ್ರು, ಓದಿದೆ. ಕಣ್ಣಾಗ ನೀರ ಬಂತು ನನಗ. ಒಬ್ಬ ಮನಷ್ಯಾ ಇನ್ನೊಬ್ಬನ ಸಲುವಾಗಿ ತನ್ನ ಅನ್ನಾನs ಕಳಕೊಳ್ಳಾಕ ತಯ್ಯಾರ ಆಗತಾನಲ್ಲ ಅಂತ. ಆದ್ರ ಸುಳ್ಳ ಹೇಳಿ ನನ್ನ ಉಳಸಬ್ಯಾಡೋ.’

‘ಸುಳ್ಳಲ್ರೀ! ಲಿಂಗದಾಣಿ ಖರೇ. ಟಕ್ ಅಂದದ್ದು ನಾ ಕೇಳೀನಿ.’

‘ಆಣಿ ಹಾಕಬ್ಯಾಡ. ಮೊದಲ ನಾನೂ ಹಿಂಗs ಒದರತಿದ್ದೆ, ಕಾಲು ಇರ್ಲಿಲ್ಲ, ಕಾಲು ಇರ್ಲಿಲ್ಲ ಅಂತ. ಆಮ್ಯಾಲೆ ಈ ಕುರ್ಚ್ಯಾಗ ದಿನಾ ಕುಂತು ಆ ಇಳಿಯೂದನ್ನ ಮತ್ತ ಮತ್ತ ಇಳದೆ. ಒಂದಿನ ಎಡಗಾಲಿಗೆ ನೆನಪಾತು. ಒತ್ತಿದ್ದೆ, ಗುರುಪುತ್ರಪ್ಪಾ. ನಾನs ಒತ್ತಿದ್ದೆ. ಇನ್ನೊಂದು ಚೂರು ಆಗಿದ್ರ ಆ ಹುಡುಗಿ ಸಾಯ್ತಿತ್ತು. ಒಪ್ಪಿಕೊಂಡ ಮ್ಯಾಲೆನs ನನಗ ಸಮಾಧಾನ ಆತು.’

ಗುರುಪುತ್ರಪ್ಪ ಮಾತಿನ ಮೇಲೆ ಮಾತು ಹೇಳಿದ, ಸುತ್ತೋಲೆ ತೆಗೆದು ತೋರಿಸಿದ, ಕಾಲು ಹಿಡಿದ. ಮಾರ್ತಾಂಡ ಅವನನ್ನು ಎಬ್ಬಿಸಿ ಕೂರಿಸಿ ಬೆನ್ನು ಸವರಿದ. ಅಳುವ ಮಗುವನ್ನು ಸಂತೈಸುವ ಹಾಗೆ ಸಂತೈಸಿದ. ಇದಕ್ಕಿಂತ ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಕೆಳಗಿಳಿದು ಬರುವಾಗ ಮಾರ್ತಾಂಡನ ಹೆಂಡತಿ ಕುಂದಾ ಹಿಂದೆಯೇ ಬಂದಳು. ಚಹಾದ ಕಪ್ಪು ಅವಳ ಕೈಯಲ್ಲೇ ಇತ್ತು, ಕೊಟ್ಟಿರಲಿಲ್ಲ.

‘ನೀವು ಹೇಳಿದ್ದು ಖರೇ ಐತಿ. ನಿಮ್ಮ ಮಾರಿ ನೋಡಿದ್ರ ತಿಳೀತದ’ ಎಂದಳು.

‘ಹೌದ್ರೀ ಅಕ್ಕಾರ. ನೀವರ ಅವರಿಗೆ ತಿಳಿಸಿ ಹೇಳ್ರಿ. ನಿಮ್ಮ ಮಾತು ನಂಬತಾರ.’

ಕುಂದಾ ಮಹಡಿಯ ಕಡೆ ನೋಡಿದಳು. ಮೇಲೆ ಯಾರೋ ಕ್ಲಾಸಿಗೆ ಬಂದು ಟೈಪ್ ಮಾಡತೊಡಗಿದ್ದರು.

‘ಆ ವರ್ಷ ದಿನಾ ನನ್ನ ಕೇಳತಿದ್ರು,’ ಎಂದಳು. ‘ಕುಂದಾ, ಯಾರೂ ನಂಬೂದಿಲ್ಲ, ನೀನರ ನಂಬ್ತಿ ಏನ ಅಂತ. ನಾ ನಂಬಲಿಲ್ಲರೀ. ಮೆಕ್ಯಾನಿಕ್ ಅಂಥಾ ದೇವರಂಥಾ ಮನಷ್ಯಾ, ಅವಾ ಇಲ್ಲ ಅಂದ ಮ್ಯಾಲೆ ನಿಮ್ದs ತಪ್ಪು, ಒಪ್ಪಿಕೊಂಡು ಬಿಡ್ರಿ ಅಂತ ನಾನs ಅಂದೆ. ವರ್ಷಗಟ್ಟಲೆ ಅಂದೆ. ಈಗ ಅಲ್ಲ ಅಂತ ಯಾವ ಬಾಯಿಲೆ ಹೇಳಲಿ?’

ಬಸ್ಸಿನವನು ನಂದಗಡ, ನಂದಗಡ ಎಂದು ಕೂಗುತ್ತಿದ್ದ. ಕುಂದಾ ತಣ್ಣಗಾದ ಚಹಾವನ್ನು ಗಟಾರಕ್ಕೆ ಚೆಲ್ಲಿ, ಕಪ್ಪು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದಳು.