ಪೂಜೆಗೆ ಕೂತ ಕೆಂಪು ಸಂಪುಟ

ಕೋವಿಡ್ ಕಳೆದ ಎರಡನೇ ವರ್ಷ. ನಾನು ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಸಹಾಯಕ ಗ್ರಂಥಪಾಲಕಿಯಾಗಿದ್ದೆ. ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಸೇರಿದ ಮೊದಲ ಕೆಲಸ ಅದು. ಪುಸ್ತಕಗಳಿಗೆ ನಂಬರ್ ಹಾಕುವುದು, ಕೊಡುವುದು, ವಾಪಸ್ ಪಡೆಯುವುದು ನನ್ನ ಪಾಲಿನ ಕೆಲಸ. ಬೈಂಡಿಂಗ್ ಅದರಲ್ಲಿ ಸೇರಿರಲಿಲ್ಲ. ಆದರೆ ಕಾಲೇಜಿಗೆ ಬೈಂಡಿಂಗ್ ಮಾಡಿಕೊಡುತ್ತಿದ್ದವರು ಅಂಗಡಿ ಮುಚ್ಚಿದ್ದರಿಂದ ಹಳೆಯ ಮಾಸಪತ್ರಿಕೆಗಳು ಕಪಾಟಿನ ಕೆಳಗೆ ಹಗ್ಗ ಕಟ್ಟಿಕೊಂಡು ಬಿದ್ದಿದ್ದವು. ಕುಣಿಗಲ್‌ನಲ್ಲಿ ನಮ್ಮ ದೊಡ್ಡಪ್ಪನ ಸಣ್ಣ ಪ್ರೆಸ್ ಇದೆ. ಶಾಲೆಯ ರಜೆಗಳನ್ನು ನಾನು ಅಲ್ಲೇ ಕಳೆದವಳು, ಹೊಲಿಗೆ ಕಲಿತದ್ದೂ ಅಲ್ಲೇ. ಪ್ರಾಂಶುಪಾಲರ ಒಪ್ಪಿಗೆ ಪಡೆದು ಒಂದೊಂದೇ ಕಟ್ಟನ್ನು ಕ್ಯಾತ್ಸಂದ್ರದ ನನ್ನ ಬಾಡಿಗೆ ಮನೆಗೆ ಒಯ್ದು ಹೊಲಿದು ತರತೊಡಗಿದೆ.

ಆ ಸಂಪುಟಗಳನ್ನು ನೋಡಿ ಭಾಗ್ಯ ನನ್ನ ಬಳಿ ಬಂದಳು.

ಅವಳು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಮದುವೆಯಾಗಿ ಗುಬ್ಬಿ ತಾಲ್ಲೂಕಿನ ಕಡಬದಲ್ಲಿದ್ದಳು. ಅಂತರಸನಹಳ್ಳಿಯ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕ್ಕಿಂಗ್ ಕೆಲಸ. ವಾರದ ರಜೆಯ ದಿನ ಗ್ರಂಥಾಲಯಕ್ಕೆ ಬಂದು ಸರ್ಕಾರಿ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ವಯೋಮಿತಿಯ ಪ್ರಕಾರ ಆ ವರ್ಷದ ಪರೀಕ್ಷೆ ಅವಳಿಗೆ ಕೊನೆಯದು. ಅದನ್ನು ಅವಳು ಒಮ್ಮೆ ಮಾತ್ರ ಹೇಳಿದ್ದಳು, ನಾನೂ ಮತ್ತೆ ಕೇಳಿರಲಿಲ್ಲ.

ಅಂದು ಅವಳ ಕೈಯಲ್ಲಿ ಒಂದು ಬಟ್ಟೆ ಚೀಲವಿತ್ತು. ಒಳಗೆ ಪ್ರಚಲಿತ ವಿದ್ಯಮಾನಗಳ ಒಂದು ಮಾಸಪತ್ರಿಕೆಯ ವರ್ಷದ ಸಂಚಿಕೆಗಳು. ಕೆಲವಕ್ಕೆ ರಕ್ಷಾಪುಟ ಇರಲಿಲ್ಲ. ಒಂದರ ನಡುವಿನ ಹಾಳೆಗಳೇ ಇರಲಿಲ್ಲ, ಉಳಿದವುಗಳಲ್ಲಿ ಎಣ್ಣೆಯ ಕಲೆ.

"ಇದನ್ನೆಲ್ಲ ಸೇರಿಸಿ ಒಂದೇ ಪುಸ್ತಕ ಮಾಡಿಕೊಡ್ತೀರಾ ಮೇಡಂ? ಬಿಡಿಯಾಗಿದ್ರೆ ನಮ್ಮನೇಲಿ ಉಳಿಯಲ್ಲ."

"ಯಾಕೆ?"

"ನಮ್ಮತ್ತೆ ಚಕ್ಕುಲಿ ಹಾಕ್ತಾರೆ."

ಅವಳ ಅತ್ತೆ ಗಂಗಮ್ಮನಿಗೆ ಓದು ಬರದು. ಚಕ್ಕುಲಿಯ ಎಣ್ಣೆ ಇಳಿಯಲು, ಡಬ್ಬಗಳ ಕೆಳಗೆ ಹಾಸಲು ಅವರಿಗೆ ಕಾಗದ ಬೇಕು. ಕಂಡ ಕಾಗದವನ್ನೆಲ್ಲ ಅವರು ಹರಿಯುತ್ತಿರಲಿಲ್ಲ, ಭಾಗ್ಯ ಓದಿ ಮುಗಿಸಿದ್ದನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಓದಿ ಮುಗಿದಿದೆ ಎಂದು ತಿಳಿಯಲು ಅವರಿಗೆ ಇದ್ದ ಗುರುತು ಪೆನ್ಸಿಲ್ ಗೆರೆ. ಗೆರೆ ಎಳೆದಿದ್ದಾಳೆ ಎಂದರೆ ಹೊಡೆದುಹಾಕಿದ್ದಾಳೆ, ಆ ಹಾಳೆಯ ಕೆಲಸ ಮುಗಿಯಿತು ಎಂದು ಅವರ ಲೆಕ್ಕ. ಹೀಗಾಗಿ ಭಾಗ್ಯ ಮುಖ್ಯವೆಂದು ಗೆರೆ ಎಳೆದ ಪುಟಗಳೇ ಮೊದಲು ಹೋಗುತ್ತಿದ್ದವು.

"ಹೇಳಿ ನೋಡಿದ್ರಾ?"

"ಹೇಳ್ದೆ. 'ಅಯ್ಯೋ, ನೀನೇ ಗೀಚಾಕಿದ್ಯಲ್ಲೇ, ಇನ್ನೇನ್ ಅದನ್ನ ಪೂಜೆ ಮಾಡ್ಬೇಕಾ' ಅಂದ್ರು. ಕೆಟ್ಟೋರಲ್ಲ ಮೇಡಂ. ಪುಸ್ತಕ ಆದ್ರೆ ಮುಟ್ಟಲ್ಲ. ಕಾಲಿಗೆ ತಾಕಿದ್ರೂ ಕಣ್ಣಿಗೆ ಒತ್ಕೊಳ್ತಾರೆ. ಬಿಡಿ ಹಾಳೆ ಮಾತ್ರ ಅವರ ಪಾಲಿಗೆ ಪೇಪರ್."

ಅಂಚುಗಳ ತುಂಬ ಅವಳು ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಬರೆದಿದ್ದಳು. ಬೇರೆ ಪ್ರತಿ ಕೊಂಡರೂ ಆ ಟಿಪ್ಪಣಿಗಳು ಸಿಗುವುದಿಲ್ಲ. ಒಪ್ಪಿಕೊಂಡೆ.

ಬಿಡಿ ಪತ್ರಿಕೆಗಳನ್ನು ಸೇರಿಸುವ ಸುಲಭದ ದಾರಿ ಎಂದರೆ ಎಲ್ಲವನ್ನೂ ಒಂದರ ಮೇಲೊಂದಿಟ್ಟು ಬೆನ್ನಿನ ಪಕ್ಕದಲ್ಲಿ ತೂತು ಕೊರೆದು ದಾರ ಎಳೆಯುವುದು, ಆಮೇಲೆ ಮೂರು ಬದಿ ಕತ್ತರಿಸಿ ನೇರ ಮಾಡುವುದು. ಹಾಗೆ ಮಾಡಿದರೆ ಒಳ ಅಂಚು ಹೊಲಿಗೆಯೊಳಗೆ ಮುಚ್ಚಿಹೋಗುತ್ತದೆ, ಹೊರ ಅಂಚು ಕತ್ತರಿಗೆ ಹೋಗುತ್ತದೆ. ಭಾಗ್ಯಳ ಟಿಪ್ಪಣಿಗಳಿದ್ದದ್ದು ಅಲ್ಲೇ. ಆದ್ದರಿಂದ ಪ್ರತಿ ಸಂಚಿಕೆಯ ತುಕ್ಕು ಹಿಡಿದ ಪಿನ್ನುಗಳನ್ನು ಬಿಚ್ಚಿ, ಮಡಿಕೆಯ ಒಳಗಿನಿಂದಲೇ ಸೂಜಿ ಹಾಯಿಸಿ, ಸಂಚಿಕೆಯಿಂದ ಸಂಚಿಕೆಗೆ ದಾರ ಕಟ್ಟುತ್ತ ಬಂದೆ. ನಿಧಾನದ ಕೆಲಸ, ಆದರೆ ಪುಸ್ತಕ ಪೂರ್ತಿ ಅಗಲವಾಗಿ ತೆರೆದುಕೊಳ್ಳುತ್ತದೆ. ಹೋದ ಹಾಳೆಗಳಿಗೆ ಕಾಲೇಜಿನ ಪ್ರತಿಯಿಂದ ಜೆರಾಕ್ಸ್ ತೆಗೆದು ಅಂಟಿಸಿದೆ. ಬದಿ ಕತ್ತರಿಸಲಿಲ್ಲ. ಹೊಲಿದ ಕಟ್ಟನ್ನು ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಗುಂಡುಕಲ್ಲು ಹೇರಿದೆ.

ರಟ್ಟಿನ ಹೊದಿಕೆಯನ್ನು ಬೇರೆಯಾಗಿಯೇ ತಯಾರಿಸುತ್ತಾರೆ. ಒಳಗಿನ ಕಟ್ಟಿಗೂ ಈ ಹೊದಿಕೆಗೂ ಇರುವ ಸಂಬಂಧ ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳದ್ದು ಮಾತ್ರ, ಅವನ್ನು ರಟ್ಟಿನ ಒಳಮೈಗೆ ಅಂಟಿಸುತ್ತಾರೆ. ಅಂದು ಮನೆಯಲ್ಲಿ ಬಿಳಿ ಗೋಂದು ಮುಗಿದಿತ್ತು. ಮೈದಾ ಕಾಯಿಸಿ ಅಂಟು ಮಾಡಿಕೊಂಡೆ. ದೊಡ್ಡಪ್ಪನ ಪ್ರೆಸ್ಸಿನಿಂದ ತಂದ ಬಟ್ಟೆಯಲ್ಲಿ ಉಳಿದದ್ದು ಕೆಂಪು ಕ್ಯಾಲಿಕೋ. ಬೆನ್ನಿನ ಮೇಲೆ ಭಾಗ್ಯಳ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆದೆ. ನಾನು ಹೊಲಿದ ಸಂಪುಟಗಳಲ್ಲೆಲ್ಲ ಚೆನ್ನಾಗಿ ಬಂದದ್ದು ಅದೇ.

ದಸರಾ ಹತ್ತಿರ ಬಂದಿತ್ತು. ಪರೀಕ್ಷೆ ವಿಜಯದಶಮಿಯ ನಂತರದ ಭಾನುವಾರ. ಹಬ್ಬ ಮುಗಿದ ಮೇಲೆ ಶಿಪ್‌ಮೆಂಟ್ ಇದೆ, ಪರೀಕ್ಷೆಯ ದಿನ ಬಿಟ್ಟರೆ ಒಂದು ದಿನವೂ ರಜೆ ಇಲ್ಲ ಎಂದು ಕಾರ್ಖಾನೆಯಲ್ಲಿ ಹೇಳಿದ್ದರಂತೆ. ಹಾಗಾಗಿ ಭಾಗ್ಯ ಉಳಿಸಿಕೊಂಡಿದ್ದ ರಜೆಯನ್ನೆಲ್ಲ ಹಬ್ಬದ ದಿನಗಳಿಗೇ ಸೇರಿಸಿ ಹಾಕಿದ್ದಳು. ಕೊನೆಯ ಸಲ ಎಲ್ಲವನ್ನೂ ತಿರುವಿ ಹಾಕಲು ಅವಳಿಗಿದ್ದದ್ದು ಆ ದಿನಗಳು ಮಾತ್ರ.

ಹಬ್ಬದ ನಡುವೆ ಅವಳ ಫೋನ್ ಬಂತು. ಮಾತು ಮೆಲ್ಲಗಿತ್ತು.

"ಮೇಡಂ, ಪುಸ್ತಕ ಪೂಜೆಗೆ ಕೂತ್ಬಿಟ್ಟಿದೆ."

ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ಪೂಜೆ ಮುಗಿದು ಕದಲಿಸುವವರೆಗೆ ತೆರೆಯುವಂತಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ. ಚಿಕ್ಕಂದಿನಲ್ಲಿ ಓದು ತಪ್ಪಿಸಿಕೊಳ್ಳಲು ಎಲ್ಲ ಪುಸ್ತಕಗಳನ್ನೂ ಪೂಜೆಗೆ ಇಟ್ಟವಳು ನಾನು. ಭಾಗ್ಯ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಂಗಮ್ಮ ಕೆಂಪು ಸಂಪುಟವನ್ನು ಎತ್ತಿ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು.

"ನಿಮ್ಮ ಮನೆಯವರು ಹೇಳಿದ್ರೆ?"

"ಅವರು ಹೇಳಿದ್ರು. ಕೇಳಲಿಲ್ಲ. ನಾನು ಹಠ ಮಾಡಿ ತೆಗೀಬಹುದು ಮೇಡಂ. ಆಮೇಲೆ ಫೇಲಾದ್ರೆ ಅದಕ್ಕೇ ಆಯ್ತು ಅಂತಾರೆ. ಜೀವನ ಪೂರ್ತಿ ಕೇಳ್ಬೇಕು." ಮತ್ತೆ ಹೇಳಿದಳು, "ನಿಜ ಹೇಳ್ಬೇಕಂದ್ರೆ ನನಗೂ ಕೈ ಬರ್ತಿಲ್ಲ."

ಕಾಲೇಜಿಗೆ ರಜೆ, ಗ್ರಂಥಾಲಯ ಮುಚ್ಚಿತ್ತು. ತೆರೆದಿದ್ದರೂ ಅವಳ ಟಿಪ್ಪಣಿಗಳು ಅಲ್ಲಿಲ್ಲ. ನಾನು ಸಾಮಾನ್ಯವಾಗಿ ಓದುಗರ ಮನೆಗೆ ಹೋಗುವವಳಲ್ಲ, ಇನ್ನೊಬ್ಬರ ಮನೆಯ ಅತ್ತೆ ಸೊಸೆಯ ನಡುವೆ ಮಾತಾಡುವುದಂತೂ ದೂರ. ಆದರೂ ಆಯುಧಪೂಜೆಯ ಬೆಳಿಗ್ಗೆ ಬಸ್ ಹತ್ತಿದೆ. ಗುಬ್ಬಿಯಲ್ಲಿ ಬಸ್ ಬದಲಿಸಿ ಕಡಬ ಸೇರುವಾಗ ದಾರಿಯ ವಾಹನಗಳಿಗೆಲ್ಲ ಬಾಳೆಕಂದು ಕಟ್ಟಿತ್ತು.

ಭಾಗ್ಯಳ ಗಂಡ ರಮೇಶ ಮನೆಯ ಮುಂದೆ ತನ್ನ ಗೂಡ್ಸ್ ಆಟೋ ತೊಳೆಯುತ್ತಿದ್ದರು. ಒಳಗೆ ನಡುಮನೆಯ ಮಣೆಯ ಮೇಲೆ ಕುಡುಗೋಲು, ಮಚ್ಚು, ಕತ್ತರಿ, ತರಕಾರಿ ಚಾಕು, ಎಲ್ಲಕ್ಕೂ ವಿಭೂತಿ ಕುಂಕುಮ. ಎಲ್ಲದರ ಹಿಂದೆ ಎತ್ತರದಲ್ಲಿ ಸಂಪುಟ. ರಟ್ಟಿನ ಮೇಲೆ ಕುಂಕುಮ, ಅದರ ಮೇಲೆ ಚೆಂಡು ಹೂವು.

"ಇವ್ರೇನಾ ಆ ಪುಸ್ತಕ ಮಾಡ್ದೋರು? ಬಾರವ್ವ ಕೂತ್ಕೊ. ಕೈ ಬಲೇ ಚೆನ್ನಾಗೈತೆ," ಎಂದರು ಗಂಗಮ್ಮ. "ನಮ್ಮನೇಗೆ ಇಂಥ ಪುಸ್ತಕ ಯಾವತ್ತೂ ಬಂದಿರ್ಲಿಲ್ಲ."

ಭಾನುವಾರ ಪರೀಕ್ಷೆ ಇದೆಯಲ್ಲ ಎಂದೆ.

"ಗೊತ್ತು ಕಣವ್ವ. ಅದ್ಕೇ ಇಟ್ಟಿರೋದು. ಅವ್ಳು ಪಾಸಾಗ್ಲಿ ಅಂತ್ಲೇ."

ಬಾಗಿಲಲ್ಲಿ ನಿಂತ ರಮೇಶ, "ಓದ್ದೆ ಹೆಂಗವ್ವ ಪಾಸಾಗದು?" ಎಂದರು.

"ವರ್ಷೆಲ್ಲ ಓದವ್ಳೆ. ಎಲ್ಡ್ ದಿವ್ಸ ಸರಸ್ವತಮ್ಮನೂ ಓದ್ಕಳ್ಳಿ ಬುಡು."

ಭಾಗ್ಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ವಾದ ಮಾಡಿದರೆ ಸೋಲುವುದು ಅವಳೇ ಎಂದು ನನಗೆ ತಿಳಿಯಿತು. ಗಂಗಮ್ಮನ ಉದ್ದೇಶವೂ ಅವಳ ಪಾಸೇ. ಇಬ್ಬರಿಗೂ ಬೇಕಾದದ್ದು ಒಂದೇ, ನಡುವೆ ಇದ್ದದ್ದು ನಾನು ಮಾಡಿದ ರಟ್ಟು.

"ಕುಂಕುಮ ಯಾವುದಕ್ಕೆ ಇಟ್ಟಿದ್ದೀರಮ್ಮ?" ಎಂದು ಕೇಳಿದೆ.

"ಕಾಣಕಿಲ್ವಾ? ಪುಸ್ತಕುಕ್ಕೆ."

"ರಟ್ಟಿನ ಮೇಲೆ ಇಟ್ಟಿದ್ದೀರಿ. ಒಳಗೆ ಏನಿದೆ ನೋಡಿದ್ರಾ?"

"ನನಗೇನ್ ಓದಾಕ್ ಬತ್ತದಾ ನೋಡಾಕೆ?"

"ಒಳಗಿರೋದು ಹೊಸ ಪುಸ್ತಕ ಅಲ್ಲ. ಭಾಗ್ಯ ಗೆರೆ ಹಾಕ್ತಿದ್ರಲ್ಲ, ಅದೇ ಪೇಪರ್. ನಾನು ಸೇರಿಸಿ ಹೊಲಿದೆ, ಅಷ್ಟೆ."

ಗಂಗಮ್ಮ ಸಂಪುಟವನ್ನೂ ನನ್ನನ್ನೂ ನೋಡಿದರು. ಸೊಸೆ ಹೊಸ ಪುಸ್ತಕ ಕೊಂಡಿದ್ದಾಳೆ ಎಂದೇ ಅವರು ತಿಳಿದಿದ್ದರು. ಅವಳೂ ಬಿಡಿಸಿ ಹೇಳಿರಲಿಲ್ಲ.

"ಚಕ್ಕುಲಿ ಪೇಪರಾ?"

"ಹೂಂ."

ರಮೇಶ ನಕ್ಕುಬಿಟ್ಟರು. "ಚಕ್ಕುಲಿ ಪೇಪರ್‌ಗೆ ಹೂ ಮಡುಗವ್ಳೆ ನಮ್ಮವ್ವ."

"ನೀನ್ ಸುಮ್ಕಿರ್ಲಾ. ಹೋಗ್ ನಿನ್ ಗಾಡಿ ಒರೆಸ್ಕೊ," ಎಂದು ಗದರಿದರು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ, ಕಸಿವಿಸಿ ಇತ್ತು. ನನ್ನ ಕಡೆ ತಿರುಗಿ ಹೇಳಿದರು, "ಪೇಪರೋ ಪುಸ್ತಕವೋ, ಇಟ್ಟಿದ್ದಾಯ್ತು. ಕುಂಕುಮ ಇಟ್ ಮೇಲೆ ಕದಲಿಸಂಗಿಲ್ಲ."

"ಕುಂಕುಮ ಇಟ್ಟದ್ದನ್ನ ಕದಲಿಸೋದು ಬೇಡ," ಎಂದೆ. "ರಟ್ಟು ಇದ್ದಲ್ಲೇ ಇರಲಿ. ಒಳಗಿನ ಪೇಪರ್ ಮಾತ್ರ ಬಿಡಿಸಿಕೊಳ್ತೀನಿ. ಅದಕ್ಕೆ ನೀವು ಪೂಜೆ ಮಾಡಿಲ್ಲ."

ಅವರು ಯೋಚಿಸಿದರು. ಬೇಡ ಎನ್ನಲು ಕಾರಣ ಹುಡುಕುತ್ತಿದ್ದಾರೆ ಎಂದುಕೊಂಡೆ. ಆದರೆ ಅವರು ಯೋಚಿಸುತ್ತಿದ್ದುದು ಬೇರೆ.

"ಹೆಂಗ್ ಬಿಡುಸ್ತೀಯ? ಚಾಕು, ಕತ್ರಿ ಎಲ್ಲ ಅಲ್ಲೇ ಕುಂತವೆ. ಇವತ್ತು ಬ್ಲೇಡೂ ಮುಟ್ಟಂಗಿಲ್ಲ."

ಅದನ್ನು ನಾನು ಯೋಚಿಸಿರಲಿಲ್ಲ. ನನ್ನ ಬೈಂಡಿಂಗ್ ಚಾಕು ಕೂಡ ಕ್ಯಾತ್ಸಂದ್ರದಲ್ಲಿ ಕುಂಕುಮ ಹಚ್ಚಿಕೊಂಡು ಕುಳಿತಿತ್ತು. ಬಿಳಿ ಗೋಂದು ಹಾಕಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಅದು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಮೈದಾ ಅಂಟು ಜಗ್ಗುತ್ತದೆ.

"ಒದ್ದೆ ಬಟ್ಟೆ ಸಾಕು," ಎಂದೆ.

ಗಂಗಮ್ಮ ಒಗೆದ ಬಿಳಿ ಪಂಚೆಯ ತುಂಡು ತಂದರು. ಅದನ್ನು ಹಿಂಡಿ ನನಗೆ ಕೊಟ್ಟು, ತಾವೇ ಮಣೆಯ ಹಿಂದೆ ಕೂತು ಹೂವು ಬೀಳದಂತೆ ಹಿಡಿದು ಮೇಲಿನ ರಟ್ಟನ್ನು ಮೆಲ್ಲಗೆ ಎತ್ತಿದರು. ರಟ್ಟಿಗೆ ಅಂಟಿದ ಹಾಳೆಯ ಮೇಲೆ ಬಟ್ಟೆ ಹಾಸಿದೆ. ಅಂಟು ನೆನೆಯಲು ಸ್ವಲ್ಪ ಹೊತ್ತು ಬೇಕು. ಮೂವರೂ ಕಾದೆವು. ಆಮೇಲೆ ಬೆರಳ ತುದಿಯಿಂದ ಮೂಲೆ ಎಬ್ಬಿಸಿದೆ, ಹಾಳೆ ಸಿಪ್ಪೆಯಂತೆ ಬಂತು. ಕೆಳಗಿನ ಬದಿ ಕಷ್ಟವಾಯಿತು. ರಟ್ಟು ಜಾರದಂತೆ ಗಂಗಮ್ಮ ಎರಡೂ ಕೈಯಿಂದ ಒತ್ತಿ ಹಿಡಿದರು, ಭಾಗ್ಯ ಕಟ್ಟನ್ನು ಎತ್ತಿ ಹಿಡಿದಳು, ನಾನು ಬಿಡಿಸಿದೆ. ಹಾಳೆ ಒಂದು ಕಡೆ ಹರಿಯಿತು. ಕಟ್ಟು ಇಡಿಯಾಗಿ ಹೊರಬಂತು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ.

"ಒಳ್ಗೆ ಖಾಲಿ ಬುಡಬಾರ್ದು," ಎಂದು ಗಂಗಮ್ಮ ರಟ್ಟಿನೊಳಗೆ ಎಲೆ ಅಡಿಕೆ ಇಟ್ಟು ಮುಚ್ಚಿದರು. ಆಮೇಲೆ ಸೊಸೆಯ ಕೈಯಲ್ಲಿದ್ದ ಬರಿಮೈ ಕಟ್ಟನ್ನು ನೋಡಿ, "ಎಲ್ಲಾನೂ ಗೀಚ್ ಗೀಚ್ ಮಡ್ಗಿದ್ಯಲ್ಲೇ. ಇಷ್ಟೂ ಬೇಕಾ?" ಎಂದರು.

"ಗೀಚಿರೋದೇ ಬೇಕು ಅತ್ತೆ. ಗೀಚಿಲ್ಲದೇ ಇರೋದು ಬೇಡ."

"ಇದನ್ನ ಮೊದ್ಲೇ ಬಾಯ್ಬಿಟ್ ಹೇಳೋಕೇನಾಗಿತ್ತು?" ಎಂದ ಗಂಗಮ್ಮ ಒಳಗೆ ಹೋಗಿ ನನಗೆ ಊಟಕ್ಕೆ ಎಲೆ ಹಾಕಿದರು. ಭಾಗ್ಯ ಊಟಕ್ಕೆ ಕೂರಲಿಲ್ಲ. ಹಿತ್ತಲಿನ ತೆಂಗಿನ ಮರದ ಕೆಳಗೆ ಓದುತ್ತ ಕೂತಳು. ಯಾರೂ ಅವಳನ್ನು ಕರೆಯಲಿಲ್ಲ.

ಹಬ್ಬ ಕಳೆದ ಮೇಲೆ ಅವಳು ರಟ್ಟು, ಕಟ್ಟು ಎರಡನ್ನೂ ತಂದುಕೊಟ್ಟಳು, ಮತ್ತೆ ಸೇರಿಸಿ ಕೊಟ್ಟೆ. ಕುಂಕುಮದ ಗುರುತು ಕ್ಯಾಲಿಕೋದಲ್ಲಿ ಉಳಿದಿತ್ತು. ಒರೆಸಲು ಹೋಗಲಿಲ್ಲ. ಫಲಿತಾಂಶ ಬಹಳ ತಿಂಗಳು ತಡವಾಯಿತು. ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿತ್ತು, ಕುಣಿಗಲ್‌ಗೆ ಹಾಕಿದ್ದರು. ನನಗೆ ಮೊದಲು ತಿಳಿಸಿದವರು ಗಂಗಮ್ಮ. ಮಗನ ಫೋನಿನಿಂದ ಮಾತಾಡಿದರು.

"ನಮ್ಮುಡ್ಗಿಗೆ ಕೆಲ್ಸ ಆಯ್ತು ಕಣವ್ವ. ನಾನ್ ಇಟ್ಟ ಪೂಜೆ ಸುಮ್ಕೆ ಹೋಗ್ಲಿಲ್ಲ."

ಪಕ್ಕದಲ್ಲಿ ಭಾಗ್ಯ ನಗುವುದು ಕೇಳಿಸಿತು. ಹೌದಮ್ಮ ಎಂದೆ.

ನಾನೀಗ ಬೇರೆ ಗ್ರಂಥಾಲಯದಲ್ಲಿದ್ದೇನೆ, ಬೈಂಡಿಂಗ್ ಮನೆಯಲ್ಲಿ ಮುಂದುವರಿದಿದೆ. ಗ್ರಂಥಾಲಯ ವಿಜ್ಞಾನದ ಕೋರ್ಸಿನಲ್ಲಿ ಪುಸ್ತಕವನ್ನು ಕಾಪಾಡುವುದು ಹೇಗೆಂದು ಕಲಿತಿದ್ದೆ: ಗಾಳಿ, ಬೆಳಕು, ಹುಳು, ತೇವ. ಅದನ್ನು ಇಟ್ಟುಕೊಳ್ಳುವ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಕಲಿತದ್ದು ಕಡಬದಲ್ಲಿ. ಅವರು ಪುಸ್ತಕವನ್ನು ಕಡೆಗಣಿಸಿದರೆ ಒಂದು ಬಗೆಯ ತೊಂದರೆ, ಗೌರವಿಸಿದರೆ ಇನ್ನೊಂದು ಬಗೆ. ಬಿಡಿ ಪತ್ರಿಕೆಗಳನ್ನು ಹಿಡಿದು ಬಂದವರನ್ನು ಯಾವ ಬಣ್ಣ, ಎಷ್ಟು ಗಟ್ಟಿ ಎಂದು ಮೊದಲು ಕೇಳುವುದಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ, ಇದನ್ನು ಎಲ್ಲಿಡುತ್ತಾರೆ, ಯಾರ ಕೈ ಬೀಳುತ್ತದೆ ಎಂದು ಕೇಳುತ್ತೇನೆ. ಬೈಂಡಿಂಗ್‌ಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಮುಖ ನೋಡುತ್ತಾರೆ. ಅವರು ಉತ್ತರ ಹೇಳುವವರೆಗೆ ನಾನು ಸೂಜಿಗೆ ದಾರ ಪೋಣಿಸುವುದಿಲ್ಲ.